ಹಸು ಬಿಟ್ಟು ಟೆಸ್ಟ್ ಮ್ಯಾಚಿಗೆ

ನಾನು ಹೂಡಿ ಹಳ್ಳಿಗೆ ಸೊಸೆಯಾಗಿ ಬಂದ ಮೊದಲ ವಾರದಲ್ಲೇ ಎರಡು ವಿಷಯ ತಿಳಿದುಹೋದವು. ಒಂದು, ನಮ್ಮತ್ತೆಗೆ ಕ್ರಿಕೆಟ್ ಹುಚ್ಚು. ಎರಡು, ಮನೆಯ ಹಸು ಅತ್ತೆಯ ಕೈಗಲ್ಲದೆ ಬೇರೆ ಯಾರ ಕೈಗೂ ಹಾಲು ಕೊಡುವುದಿಲ್ಲ. ಅದರ ತಾಯಿಯೂ ಹಾಗೇ ಇತ್ತಂತೆ, ತಾಯಿಯ ತಾಯಿಯೂ ಹಾಗೇ. ಹೀಗಾಗಿ ಅತ್ತೆ ಮದುವೆಯಾಗಿ ಬಂದಮೇಲೆ ಒಂದು ರಾತ್ರಿಯೂ ಹೊರಗೆ ಮಲಗಿದವರಲ್ಲ. ತವರಿನಲ್ಲಿ ತಮ್ಮನ ಮದುವೆಯಾದಾಗಲೂ ಧಾರೆ ನೋಡಿ, ಎರಡು ತುತ್ತು ಉಂಡು, ಸಂಜೆಯೊಳಗೆ ಕೊಟ್ಟಿಗೆಯಲ್ಲಿ ಹಾಜರು.

ಕ್ರಿಕೆಟ್ ಎಂದರೆ ಅವರಿಗೆ ರೇಡಿಯೋ. ದ್ರಾಕ್ಷಿ ಚಪ್ಪರದ ಕಂಬಕ್ಕೆ ಟ್ರಾನ್ಸಿಸ್ಟರ್ ನೇತುಹಾಕಿ, ಕನ್ನಡದ ಕಾಮೆಂಟರಿ ಕೇಳುತ್ತಾ ಗೊನೆ ಕತ್ತರಿಸುವರು. ಕ್ಯಾಚ್ ಬಿಟ್ಟವನಿಗೆ ಅಲ್ಲಿಂದಲೇ ಮಂಗಳಾರತಿ. ಆದರೆ ಒಂದು ಆಟವನ್ನೂ ಕಣ್ಣಾರೆ ಕಂಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಭಾಗದ ಒಂದು ಅವರೆಕಾಯಿ ಕಾಲದಲ್ಲಿ ನನ್ನ ಗಂಡನಿಗೆ ಕಾರ್ಖಾನೆಯಲ್ಲಿ ಟೆಸ್ಟ್ ಮ್ಯಾಚಿನ ಎರಡು ಟಿಕೆಟ್ ಸಿಕ್ಕವು, ಕೊನೆಯ ಎರಡು ದಿನಗಳಿಗೆ. ಅವರಿಗೆ ಶಿಫ್ಟ್ ತಪ್ಪಿಸುವಂತಿರಲಿಲ್ಲ. ಕೈಗೆ ಬಂದದ್ದನ್ನು ನಾನು ಬಿಡುತ್ತೇನೆಯೇ? ನಾನೂ ಅತ್ತೆಯೂ ಹೋಗುತ್ತೇವೆ, ರಾತ್ರಿ ಹಲಸೂರಿನಲ್ಲಿರುವ ನಾದಿನಿಯ ಮನೆಯಲ್ಲಿ ಉಳಿಯುತ್ತೇವೆ ಎಂದು ಸಾರಿಬಿಟ್ಟೆ. ನಿಜ ಹೇಳಬೇಕೆಂದರೆ ನನ್ನ ಕಣ್ಣು ಕ್ರಿಕೆಟ್ಟಿಗಿಂತ ಪೇಟೆಯ ಮಸಾಲೆ ದೋಸೆಯ ಮೇಲಿತ್ತು.

"ಹಸ ಏನ್ ಮಾಡಾದು?" ಅತ್ತೆಯ ಮುಖ ಬಾಡಿತು.

"ಓಗ್ ಬಾ ನೀನು. ನಾನ್ ಏನೋ ಒಂದ್ ಮಾಡ್ತೀನಿ," ಎಂದರು ಮಾವ.

"ನೀವು ಮಾಡಾದ್ ಗೊತ್ತಿಲ್ವಾ? ಒದೆ ತಿಂದು ಬಿದ್ದಿರ್ತೀರ!"

ಅಷ್ಟು ಹೇಳಿದರೂ ಮರುದಿನ ಬೆಳಿಗ್ಗೆ ಹಾಲು ಕರೆದಿಟ್ಟು, ಹಸುವಿನ ಕೊರಳಡಿಯ ಗಂಗೆದೊಗಲು ಸವರಿ ಏನೇನೋ ಸಮಾಧಾನ ಹೇಳಿ, ನನಗಿಂತ ಮೊದಲೇ ಬಸ್ಸಿಗೆ ನಿಂತಿದ್ದರು.

ಸ್ಟೇಡಿಯಂ ಒಳಗೆ ಕೂತು ಐದು ನಿಮಿಷವಾಗಿರಬೇಕು, ಅತ್ತೆ ಗಾಬರಿಯಾದರು. "ಯಾರೂ ಏನೂ ಯೋಳ್ತಾನೇ ಇಲ್ವಲ್ಲೇ? ಆಟ ಶುರುವಾಯ್ತು ಅಂತ ಗೊತ್ತಾಗಾದೆಂಗೆ?" ಕಾಮೆಂಟರಿ ಇಲ್ಲದ ಕ್ರಿಕೆಟ್ ಅವರ ಪಾಲಿಗೆ ಉಪ್ಪಿಲ್ಲದ ಸಾರು. ಸ್ವಲ್ಪ ಹೊತ್ತು ತಡೆದರು. ಆಮೇಲೆ ತಾವೇ ಶುರು ಹಚ್ಚಿಕೊಂಡರು. "ಬಂದ, ಬಂದ, ಆಕ್ದ. ಅಯ್ಯೋ, ಬಿಟ್ಬುಟ್ಟ ಬಡ್ಡೆತ್ತದು! ಆ ಮೂಲೇಲವ್ನಲ್ಲ, ಅವ್ನಿಗೆ ನಿದ್ದೆ ಬಂದದೆ, ಅಲ್ಲಿಗೇ ಒಡೀರಿ!" ನನಗೆ ನಾಚಿಕೆಯಿಂದ ಸೆರಗಿನೊಳಗೆ ಹುದುಗಿಕೊಳ್ಳುವಂತಾಯಿತು. ಮುಂದಿನ ಸಾಲಿನ ಹುಡುಗರು ತಿರುಗಿ ನೋಡಿದರು. ಬೈಯುತ್ತಾರೆ ಅಂದುಕೊಂಡರೆ, "ಅಮ್ಮಾ, ಸಕ್ಕತ್ತಾಗಿದೆ, ಸ್ವಲ್ಪ ಜೋರಾಗಿ ಹೇಳಿ" ಎಂದರು. ಮಧ್ಯಾಹ್ನದ ಹೊತ್ತಿಗೆ ಅತ್ತೆಗೆ ಕಡಲೆಕಾಯಿ, ಕಿತ್ತಳೆ, ಸೋಡಾ ಎಲ್ಲ ಸರಬರಾಜಾಗುತ್ತಿತ್ತು. ನಾನು ಬರೀ ಸೊಸೆ, ನನ್ನನ್ನು ಕೇಳುವವರಿಲ್ಲ.

ಬಿಸಿಲು ಇಳಿಯುತ್ತಿದ್ದಂತೆ ಕಾಮೆಂಟರಿ ನಿಂತಿತು. ನೋಡಿದರೆ ಅತ್ತೆಯ ಎರಡೂ ಕೈ ಮಡಿಲಲ್ಲಿ ಸೆರಗಿನ ತುದಿಯನ್ನು ಒಂದಾದಮೇಲೊಂದು ಹಿಂಡುತ್ತಿದ್ದವು. ಹಾಲು ಕರೆಯುವ ಹೊತ್ತು. "ಓಗ್ಬುಡಾನಾ ಕಣೆ," ಎಂದರು ಸಣ್ಣ ದನಿಯಲ್ಲಿ. ಆಟ ಇನ್ನೂ ಯಾರ ಕಡೆಗೂ ವಾಲಿರಲಿಲ್ಲ. ಗೆಲುವು ಸೋಲು ಮರುದಿನದ್ದು. ಹೇಗೋ ಪುಸಲಾಯಿಸಿ ಹಲಸೂರಿಗೆ ಕರೆದುಕೊಂಡು ಹೋದೆ.

ಬೆಳಿಗ್ಗೆ, ನಮ್ಮೂರಿನಿಂದ ಹಲಸೂರು ಮಾರ್ಕೆಟ್ಟಿಗೆ ಸೊಪ್ಪು ತರುವವನು ನಾದಿನಿಯ ಬಾಗಿಲಿಗೆ ಬಂದು ನಿಂತು, ಮಾತಾಡಲಾರದಷ್ಟು ನಗತೊಡಗಿದ. ನಮ್ಮ ಕಡೆ ಹಾಲು ಕರೆಯುವವಳು ಊರಲ್ಲಿಲ್ಲದಿದ್ದರೆ ಅವಳ ಸೀರೆ ಸುತ್ತಿಕೊಂಡು ಕೂತು ಹಸುವನ್ನು ನಂಬಿಸುವುದುಂಟು. ಅದನ್ನು ಹೆಂಗಸರು ಮಾಡುತ್ತಾರೆ. ಮನೆಯಲ್ಲಿ ಹೆಂಗಸರೇ ಇಲ್ಲದ್ದರಿಂದ ಹಿಂದಿನ ಸಂಜೆ ಮೀಸೆ ಹೊತ್ತ ನಮ್ಮ ಮಾವನೇ ಅತ್ತೆಯ ಸೀರೆ ಉಟ್ಟಿದ್ದರು.

"ಅದೂ ಎಂತಾ ಸೀರೆ ಅಂತೀರಿ? ಪೆಟ್ಟಿಗೇಲಿದ್ದ ಧಾರೆ ಸೀರೆ ಕಣಕ್ಕಾ! ನುಸಿಗುಳಿಗೆ ವಾಸ್ನೆಗೆ ಹಸ ಜಾಡಿಸಿ ಒದೀತು. ಬಕೀಟು ಒಂದ್ಕಡೆ, ಗೌಡ್ರೊಂದ್ಕಡೆ!"

"ದಾರದ್ ಮೇಲೆ ನಾನು ದಿನಾ ಉಡೋ ಕೊಟ್ಗೆ ಸೀರೆ ಇತ್ತಲ್ಲಾ, ಅದನ್ನ ಉಟ್ಕಂಡಿದ್ರೆ ಆಯ್ತಿತ್ತು," ಎಂದು ಅತ್ತೆ ಹಣೆ ಚಚ್ಚಿಕೊಂಡರು. ಆಮೇಲೇನಾಯಿತೋ ಅವನಿಗೂ ಗೊತ್ತಿರಲಿಲ್ಲ.

ಅತ್ತೆ ಚೀಲ ಕೈಗೆತ್ತಿಕೊಂಡರು. ಹಾಲು ಕರೆಯದೆ ಕೆಚ್ಚಲು ಕಟ್ಟಿಕೊಂಡರೆ ಹಸುವಿನ ಗತಿಯೇನು ಎಂದು ನನಗೂ ಅಳುಕಿತ್ತು, ಹಿಂದೆಯೇ ಹೊರಟೆ. ಬಸ್ ಸ್ಟ್ಯಾಂಡಿನ ಕಡೆಗೆ ನಾಲ್ಕು ಹೆಜ್ಜೆ ಇಟ್ಟವರು ನಿಂತರು. "ಬೆಳಗಿನ್ ಹಾಲು ಎಂಗೂ ತಪ್ಪೋಯ್ತು. ಇನ್ನು ಸಂಜೇದು ತಾನೆ?" ಎಂದು ನನ್ನ ಮುಖ ನೋಡಿದರು. ನಾನು ಚೀಲ ಕಿತ್ತುಕೊಂಡು ಸ್ಟೇಡಿಯಂ ದಾರಿ ಹಿಡಿದೆ.

ಅವತ್ತು ನಾವು ಗೆದ್ದೆವು. ಕೊನೆಯ ವಿಕೆಟ್ ಬಿದ್ದಾಗ ಅತ್ತೆ ಕಾಮೆಂಟರಿ ಮರೆತು, ನನ್ನ ಎರಡೂ ಕೈ ಹಿಡಿದು ಕುಣಿದರು. ಅಷ್ಟು ಸಂತೋಷದಲ್ಲಿ ಅವರನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಊರಿಗೆ ಬರುವಷ್ಟರಲ್ಲಿ ದೀಪ ಹಚ್ಚಿದ್ದರು. ಅತ್ತೆ ಚಪ್ಪಲಿಯನ್ನೂ ಬಿಡದೆ ಕೊಟ್ಟಿಗೆಗೆ ನುಗ್ಗಿದರು. ಒಳಗೆ ಅದೇ ಕೊಟ್ಟಿಗೆ ಸೀರೆ ಸುತ್ತಿಕೊಂಡು, ತಲೆಗೆ ಸೆರಗು ಹೊದ್ದು, ಮಾವ ಕುಕ್ಕರಗಾಲಲ್ಲಿ ಕೂತಿದ್ದರು. ಬಕೆಟ್ಟಿನಲ್ಲಿ ನೊರೆ ಮೇಲಕ್ಕೆ ಬಂದಿತ್ತು. ಹಸು ಮೇವು ಮೆಲ್ಲುತ್ತಾ ನಿಂತಿತ್ತು, ಅತ್ತೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವನೂ ನಕ್ಕರು. "ಬೆಳಿಗ್ಗೇನೂ ಕೊಡ್ತು ಕಣೆ," ಎಂದರು ಹೆಮ್ಮೆಯಿಂದ.

ಅತ್ತೆ ನಗಲಿಲ್ಲ. ಕಂಬ ಹಿಡಿದು ನಿಂತು, "ಅಂಗಾರೆ ಇಷ್ಟ್ ವರ್ಸ ನನ್ನ ಕಟ್ಟಾಕಿದ್ದು ಹಸ ಅಲ್ಲ ಅಂತಾಯ್ತಾ?" ಎಂದು ಕೇಳಿದರು. ಮಾವನ ಕೈ ನಿಂತಿತು.

ಮರುದಿನ ಸಂಜೆ ಹಾಲು ಕರೆಯುವ ಹೊತ್ತಿಗೆ ಕೊಟ್ಟಿಗೆಯಲ್ಲಿ ಹಸುವಿನ ಕರು ಕೂಗಿತು. ಅತ್ತೆ ಜಗಲಿಯಲ್ಲಿ ಟ್ರಾನ್ಸಿಸ್ಟರ್ ಹಚ್ಚಿಕೊಂಡು ಕೂತಿದ್ದರು. ಇನ್ನೊಮ್ಮೆ ಕೂಗಿತು. ಅವರು ಏಳಲಿಲ್ಲ. ಮಾವ ಅವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ತಾವೇ ಎದ್ದು ಬಕೆಟ್ ತೊಳೆದುಕೊಂಡು ಕೊಟ್ಟಿಗೆಗೆ ಹೋದರು.