ಫಿಲ್ಮಿನ ಮೇಲೆ ಮೂಡಿದ ಬೆನ್ನು

ಯಾರಾದರೂ ಕನಸು ನಿಜವಾಯಿತು, ದೂರದಲ್ಲಿದ್ದವರು ಕಣ್ಣೆದುರು ಬಂದು ನಿಂತರು ಎಂದು ಹೇಳತೊಡಗಿದರೆ ನಾನು ಎದ್ದು ಹೋಗುತ್ತಿದ್ದೆ. ಒರಟುತನ ಅನ್ನಿ, ಓದಿದ ಸೊಕ್ಕು ಅನ್ನಿ. ನನ್ನ ಉದ್ಯೋಗವೇ ಅಂಥದ್ದು. ನಾನು ಎಕ್ಸ್‌ರೇ ಡಾಕ್ಟರು. ಮೈಯೊಳಗೆ ಇರುವುದು ಫಿಲ್ಮಿನ ಮೇಲೆ ಬೀಳುತ್ತದೆ, ಇಲ್ಲದ್ದು ಬೀಳುವುದಿಲ್ಲ. ಇಷ್ಟರ ಮೇಲೆ ನನ್ನ ನಂಬಿಕೆಯೆಲ್ಲ ನಿಂತಿತ್ತು. ಈಗ ಬರೆಯುವುದನ್ನು ನೀವು ನಂಬಲೇಬೇಕೆಂದು ನಾನು ಒತ್ತಾಯಿಸುವುದಿಲ್ಲ. ಬೇರೆಯವರು ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ.

ಎರಡನೇ ಮಹಾಯುದ್ಧದ ದಿನಗಳು. ಪುಣೆಯ ಶಿವಾಜಿನಗರದ ಒಂದು ಚಿಕ್ಕ ಆಸ್ಪತ್ರೆಯಲ್ಲಿ ನಾನು ಕೆಲಸದಲ್ಲಿದ್ದೆ. ಜೊತೆಗಿದ್ದ ಡಾಕ್ಟರು ಸೈನ್ಯಕ್ಕೆ ಸೇರಿ ಹೋದ ಮೇಲೆ ಚಿತ್ರ ತೆಗೆಯುವುದು, ಕತ್ತಲೆಕೋಣೆಯಲ್ಲಿ ಅದನ್ನು ತೊಳೆಯುವುದು, ನೋಡಿ ಹೇಳುವುದು ಎಲ್ಲವೂ ನನ್ನ ಪಾಲಿಗೇ ಬಂದಿತ್ತು. ಹೆಂಡತಿ ಹೆರಿಗೆಗೆ ತವರಿಗೆ ಹೋಗಿದ್ದಳು. ದಿನವಿಡೀ ಮರಾಠಿಯಲ್ಲಿ ಮಾತಾಡಿ ಮನೆಗೆ ಬಂದರೆ ಕನ್ನಡದಲ್ಲಿ ‘ಉಂಡ್ಯೇನು’ ಎಂದು ಕೇಳುವವರಿರಲಿಲ್ಲ.

ಆ ದಿನಗಳಲ್ಲಿ ಧಾರವಾಡದ ಅಕ್ಕನ ನೆನಪು ಬಹಳ ಬರುತ್ತಿತ್ತು. ನಾನು ಮೂರು ವರ್ಷದವನಿದ್ದಾಗ ತಾಯಿ ತೀರಿಕೊಂಡಳು. ಅಷ್ಟರಲ್ಲೇ ಮದುವೆಯಾಗಿದ್ದ ಅಕ್ಕ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನ ಮನೆಗೆ ಕರೆದೊಯ್ದಳು. ಮೆಟ್ರಿಕ್ ಮುಗಿಯುವವರೆಗೂ ನಾನು ಬೆಳೆದದ್ದು ಅವಳ ಕೈತುತ್ತಿನಲ್ಲಿ. ಭಾವ ತಿಂಗಳಿಗೊಂದು ಕಾರ್ಡು ಹಾಕುತ್ತಿದ್ದರು. ಅದರಲ್ಲಿ ಎಲ್ಲರೂ ಯಾವಾಗಲೂ ಕ್ಷೇಮ.

ಒಂದು ಮಧ್ಯಾಹ್ನ ಭೋರ್ ಕಡೆಯ ಒಬ್ಬ ತರುಣ ತನ್ನ ಹೆಂಡತಿಯನ್ನು ಕರೆತಂದ. ಕಾತ್ರಜದ ಘಾಟಿನಲ್ಲಿ ಅವರ ಚಕ್ಕಡಿ ಮಗುಚಿತ್ತು. ಇಪ್ಪತ್ತು ತುಂಬಿರದ ಹುಡುಗಿ, ಕೂರಲೂ ಆಗದೆ ನರಳುತ್ತಿದ್ದಳು. ಎತ್ತರದಿಂದ ಕುಕ್ಕರಿಸಿ ಬಿದ್ದವರ ಬೆನ್ನೆಲುಬಿನ ಮಣಿ ಕೆಲವೊಮ್ಮೆ ಮುಂದಿನ ಬದಿಯಲ್ಲಿ ನಜ್ಜಿ ಕುಸಿಯುತ್ತದೆ, ಹಸಿ ಇಟ್ಟಿಗೆಯ ಒಂದು ಮಗ್ಗುಲು ಕೂತುಬಿಟ್ಟ ಹಾಗೆ. ಎದುರಿನಿಂದ ತೆಗೆದ ಚಿತ್ರದಲ್ಲಿ ಅದು ಕಣ್ಣುತಪ್ಪಿ ಹೋಗಬಹುದು. ಪಕ್ಕದಿಂದ ತೆಗೆದು ನೋಡಲೇಬೇಕು. ಆಕೆಯನ್ನು ಮಗ್ಗುಲಾಗಿ ಮಲಗಿಸಿದೆ.

“ಡಾಕ್ಟರ್, ಕಾಹೀ ಮೋಡಲಂಯ ಕಾ?” ಏನಾದರೂ ಮುರಿದಿದೆಯೇ ಎಂದು ಅವಳು ಕೇಳಿದಳು. ನೋಡಿ ಹೇಳುತ್ತೇನೆ ಎಂದು ಫಿಲ್ಮ್ ತೆಗೆದುಕೊಂಡು ಕತ್ತಲೆಕೋಣೆಗೆ ಹೋದೆ.

ಕೆಂಪು ದೀಪದ ಕೆಳಗೆ ಫಿಲ್ಮನ್ನು ಔಷಧದ ನೀರಿನಲ್ಲಿ ಅದ್ದಿ ಕಾದೆ. ಮೊದಲು ಕಂಡದ್ದು ಎರಡು ಮಣಿಗಳು. ಪಕ್ಕೆಲುಬು ಮುಗಿಯುವ ಜಾಗದಲ್ಲಿ ಒಂದರ ಕೆಳಗೊಂದು, ಎರಡೂ ಮುಂದಕ್ಕೆ ಕುಸಿದು ಬೆಣೆಯಂತಾಗಿದ್ದವು. ಅಯ್ಯೋ ಪಾಪ ಎನಿಸಿತು. ಆಮೇಲೆ ಉಳಿದ ಎಲುಬುಗಳು ಮೂಡಿದವು. ಆ ವಯಸ್ಸಿನವಳ ಎಲುಬು ಫಿಲ್ಮಿನ ಮೇಲೆ ಗಟ್ಟಿಯಾಗಿ, ಬೆಳ್ಳಗೆ ಬರಬೇಕು. ಇವು ಒಗೆದೊಗೆದು ಜಾಳಾದ ಸೀರೆಯಷ್ಟು ತೆಳ್ಳಗಿದ್ದವು. ಅಂಚು ಮಾತ್ರ ಸೀಸಕಡ್ಡಿಯಲ್ಲಿ ಎಳೆದ ಗೆರೆಯಂತೆ ಉಳಿದಿತ್ತು. ಅದು ವಯಸ್ಸಾದ ಹೆಂಗಸಿನ ಬೆನ್ನು. ಸೊಂಟದ ಹತ್ತಿರ ಎಲುಬಿಗಿಂತಲೂ ಬೆಳ್ಳಗೆ ಒಂದು ಕೀಲಿಕೈ ಕಾಣುತ್ತಿತ್ತು. ಅದರ ಹಿಡಿಯಲ್ಲಿ ಎಲೆಗಳ ಹಾಗೆ ಮೂರು ಉಂಗುರ, ನಡುವಿನದು ಮುರಿದಿತ್ತು.

ಆ ಕೀಲಿಕೈ ನನಗೆ ಗೊತ್ತು. ಅಕ್ಕ ಅದನ್ನು ಸದಾ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದಳು. ನಾನು ಶಾಲೆಯಿಂದ ಬಂದ ಕೂಡಲೆ ಅದರಿಂದಲೇ ಟ್ರಂಕು ತೆಗೆದು ಶೇಂಗಾ ಉಂಡಿ ಕೊಡುತ್ತಿದ್ದಳು.

ಚಿತ್ರ ಫಿಲ್ಮಿನ ಮೇಲೆ ನಿಲ್ಲಬೇಕಾದರೆ ಇನ್ನೊಂದು ಔಷಧದಲ್ಲಿ ಅದನ್ನು ಸಾಕಷ್ಟು ಹೊತ್ತು ಬಿಡಬೇಕು. ನಾನು ಬಿಡಲಿಲ್ಲ. ಅರ್ಧಕ್ಕೇ ಎತ್ತಿ ದೊಡ್ಡ ದೀಪ ಹಚ್ಚಿ ನೋಡುತ್ತ ನಿಂತುಬಿಟ್ಟೆ. ಆಮೇಲೆ ಅದನ್ನು ನೇತುಹಾಕಿ ಹೊರಗೆ ಬಂದೆ. ಹುಡುಗಿ ಹಾಗೆಯೇ ಮಲಗಿದ್ದಳು. ಸೊಂಟದಲ್ಲಿ ಏನಾದರೂ ಇದೆಯೇ ಎಂದು ಕೇಳಿದೆ. ಏನೂ ಇರಲಿಲ್ಲ. ಅದೇ ಪೊಟ್ಟಣದ ಇನ್ನೊಂದು ಫಿಲ್ಮಿನಲ್ಲಿ ಮತ್ತೆ ಚಿತ್ರ ತೆಗೆದೆ. ಈ ಸಲ ಬಂದದ್ದು ಅವಳದೇ ಬೆನ್ನು. ಒಂದು ಮಣಿಯೂ ಕುಸಿದಿರಲಿಲ್ಲ. ಸ್ನಾಯು ಉಳುಕಿದೆ, ಅಷ್ಟೇ ಎಂದಾಗ ಅವಳ ಗಂಡ ಗೋಡೆಗೆ ಹಣೆಹಚ್ಚಿ ಅತ್ತುಬಿಟ್ಟ.

ಅವರು ಹೋದ ಮೇಲೆ ಒಬ್ಬನೇ ಕೂತು ಲೆಕ್ಕ ಹಾಕಿದೆ. ಪೊಟ್ಟಣ ಒಡೆದದ್ದು ಅಂದೇ. ಆ ವಾರ ಬೆನ್ನಿನ ಚಿತ್ರಕ್ಕೆ ಬೇರೆ ಯಾರೂ ಬಂದಿರಲಿಲ್ಲ. ಒಂದೇ ಫಿಲ್ಮಿನ ಮೇಲೆ ಎರಡು ಸಲ ತೆಗೆದಿದ್ದರೆ ಎರಡು ಬೆನ್ನು ಕಾಣಬೇಕಿತ್ತು. ಮರುದಿನ ಬೆಳಗ್ಗೆ ಹೋಗಿ ನೋಡಿದರೆ ಮೊದಲ ಫಿಲ್ಮು ಬೆಳಕು ತಿಂದು ಕಂದುಬಣ್ಣಕ್ಕೆ ತಿರುಗಿತ್ತು. ಎಲುಬು ಯಾವುದು, ನೆರಳು ಯಾವುದು ಒಂದೂ ತಿಳಿಯಲಿಲ್ಲ. ಆ ದಿನವೇ ದೊಡ್ಡ ಡಾಕ್ಟರಿಗೆ ಹೇಳಿ ಧಾರವಾಡದ ರೈಲು ಹತ್ತಿದೆ. ಸಿಪಾಯಿಗಳಿಂದ ಕಿಕ್ಕಿರಿದ ಡಬ್ಬಿಯಲ್ಲಿ ಬಾಗಿಲ ಬಳಿ ನಿಂತು, ಯಾಕೆ ಹೋಗುತ್ತಿದ್ದೇನೆಂದು ನನ್ನನ್ನೇ ಕೇಳಿಕೊಂಡೆ. ಅಕ್ಕನನ್ನು ನೋಡಬೇಕು, ಅಷ್ಟೇ.

ಭಾವ ಕಟ್ಟೆಯ ಮೇಲೆ ಕೂತಿದ್ದರು. “ಏನ್ರಿ ಡಾಕ್ಟರ್, ಸುದ್ದಿಲ್ಲ ಸುಳುವಿಲ್ಲ! ಬರ್ರಿ, ಬರ್ರಿ,” ಎಂದು ಎದ್ದರು. ನನ್ನ ದನಿ ಕೇಳಿದರೆ ಒದ್ದೆ ಕೈಯಲ್ಲೇ ಓಡಿಬರುತ್ತಿದ್ದ ಅಕ್ಕ ಬರಲಿಲ್ಲ. ಒಳಗೆ ಹೋದೆ. ಒಲೆಯ ಮುಂದಿನಿಂದ ಗೋಡೆ ಹಿಡಿದು ನಿಧಾನವಾಗಿ ಎದ್ದಳು. ಗಿಡ್ಡಾಗಿದ್ದಳು. ನನ್ನ ಗದ್ದಕ್ಕೆ ತಾಗುತ್ತಿದ್ದ ಅವಳ ತಲೆ ಈಗ ಎದೆಗೆ ಬಂದಿತ್ತು.

“ಬೆನ್ನ ನೋಯ್ತದೇನ ಅಕ್ಕಾ?” ಎಂದೆ.

“ನಿನಗ ಯಾರ್ ಹೇಳಿದ್ರು?” ಎಂದು ಅವಳು ಭಾವನ ಕಡೆಗೆ ನೋಡಿದಳು.

“ನಾ ಏನೂ ಹೇಳಿಲ್ಲ ಮಾರಾಯ್ತಿ,” ಎಂದರು ಭಾವ. ಆಮೇಲೆ ನನಗೆ, “ನನ್ನ ಮುಂದರ ಎಲ್ಲಿ ಹೇಳ್ತಾಳ್ರಿ? ಕೇಳಿದ್ರ ವಾಯು ಅಂತಾಳ, ಉಪ್ಪಿನ ಗಂಟ ಕಾಸಿ ಇಟ್ಕೋತಾಳ.”

ಕೆಲವು ವಾರಗಳ ಹಿಂದೆ ಬಾವಿಕಟ್ಟೆಯಿಂದ ಕೊಡ ಎತ್ತುವಾಗ ಬೆನ್ನಲ್ಲಿ ಕಟ್ ಎಂದಿತ್ತಂತೆ. ಹೆಬ್ಬೆರಳಿನಿಂದ ಅವಳ ಬೆನ್ನಿನ ಮಣಿಗಳನ್ನು ಒಂದೊಂದಾಗಿ ಒತ್ತುತ್ತ ಬಂದೆ. ಪಕ್ಕೆಲುಬು ಮುಗಿಯುವಲ್ಲಿ ಉಸಿರು ಬಿಗಿಹಿಡಿದು ನನ್ನ ತೋಳು ಹಿಡಿದಳು.

ಹಾಸಿಗೆಯ ಮೇಲೆ ಮಲಗಿಸಿ ಅವಳನ್ನು ಪುಣೆಗೆ ತಂದೆವು. ಚಿತ್ರ ತೆಗೆಯುವಾಗ ಕೀಲಿಕೈ ತೆಗೆದಿಡು ಎಂದು ನಾನು ಹೇಳಲಿಲ್ಲ. ಬೇಕೆಂದೇ ಹೇಳಲಿಲ್ಲ. ಕೆಂಪು ದೀಪದ ಕೆಳಗೆ ಅವೇ ಎರಡು ಮಣಿಗಳು ಅದೇ ಇಳಿಜಾರಿನಲ್ಲಿ ಮೂಡಿದವು. ಕೀಲಿಕೈಯೂ ಅದೇ ಜಾಗದಲ್ಲಿತ್ತು. ಈ ಸಲ ಫಿಲ್ಮನ್ನು ಔಷಧದಲ್ಲಿ ಸಾಕಷ್ಟು ಹೊತ್ತು ಬಿಟ್ಟೆ. ಈಗಲೂ ಅದು ನನ್ನ ಹತ್ತಿರವಿದೆ. ಆದರೆ ಹೋಲಿಸಿ ನೋಡಲು ಮೊದಲನೆಯದಿಲ್ಲ.

ಅಕ್ಕನ ಬೆನ್ನಿಗೆ ಪ್ಲಾಸ್ಟರಿನ ಅಂಗಿ ಹಾಕಿ ನಮ್ಮ ಮನೆಯಲ್ಲೇ ಮಲಗಿಸಿದೆವು. ಹೆಂಡತಿ ಕೂಸಿನೊಡನೆ ಮರಳಿದಳು. ಅಕ್ಕ ಮಲಗಿದಲ್ಲಿಂದಲೇ ಕೂಸನ್ನು ಮಾತಾಡಿಸುತ್ತಿದ್ದಳು, ಸಾರಿಗೆ ಉಪ್ಪು ಎಷ್ಟೆಂದು ಕೂಗಿ ಹೇಳುತ್ತಿದ್ದಳು. ಸಂಜೆ ಮೆಟ್ಟಿಲು ಹತ್ತುವಾಗ ಆ ದನಿ ಕೇಳಿಸಿದರೆ ಸ್ವಲ್ಪ ಹೊತ್ತು ಅಲ್ಲೇ ನಿಂತು ಕೇಳುತ್ತಿದ್ದೆ.

ಒಂದು ಸಂಜೆ ಅವಳಿಗೆ ಎಲ್ಲವನ್ನೂ ಹೇಳಿದೆ. ಹೆದರುತ್ತಾಳೆ ಅಂದುಕೊಂಡಿದ್ದೆ. ಹೆದರಲಿಲ್ಲ.

“ಆ ಮಧ್ಯಾಹ್ನ ನೀ ನನ್ನ ನೆನಸಿದ್ದ್ಯೇನ ಅಕ್ಕಾ?” ಎಂದು ಕೇಳಿದೆ.

ಅವಳು ಸಣ್ಣಗೆ ನಕ್ಕಳು. “ಆ ಮಧ್ಯಾಹ್ನ ಅಂದ್ರ ನನಗ ಹ್ಯಾಂಗ ಗೊತ್ತಾಗಬೇಕೋ ತಮ್ಮಾ? ಯಾವತ್ತ ನೆನಸಲಿಲ್ಲ ಅಂತ ಕೇಳು.” ಮತ್ತೆ ತಾನೇ ಹೇಳಿದಳು: “ಬೆನ್ನ ನೋಯೋ ಮುಂದ ಮಾತ್ರ ಅನಸ್ತಿತ್ತು. ನಮ್ಮ ತಮ್ಮ ಎಲುಬಿನ ಒಳಗ ನೋಡೋ ಡಾಕ್ಟರ ಅದಾನ, ಒಮ್ಮೆ ನೋಡಿದ್ರ ಛಲೋ ಇತ್ತು ಅಂತ.”

“ಮತ್ತ ಹೇಳಿ ಕಳಸಬಾರದೇನ?”

“ಇಷ್ಟಕ್ಕ ಯಾರ್ ಕರೀತಾರೋ, ಅಷ್ಟ ದೂರದಿಂದ?”

ಗೆಳೆಯರಾದ ಒಬ್ಬ ಡಾಕ್ಟರಿಗೆ ಈ ಸಂಗತಿ ಹೇಳಿದಾಗ ಅವರು ನಗಲಿಲ್ಲ. ಎರಡನೆಯ ಚಿತ್ರ ನೋಡಿದ ಮೇಲೆ ಮೊದಲನೆಯದರ ನೆನಪು ಬದಲಾಗಿದೆ, ಮನಸ್ಸು ಹಾಗೆ ಮಾಡುತ್ತದೆ ಎಂದರು. ಒಪ್ಪುವ ಮಾತೇ. ಆದರೆ ಎರಡನೆಯದನ್ನು ನೋಡುವ ಮೊದಲೇ ನಾನು ರೈಲು ಹತ್ತಿದ್ದೆನಲ್ಲ ಎಂದಾಗ ಅವರು ಮಾತು ಬದಲಿಸಿದರು.

ಅಕ್ಕನ ಬೆನ್ನು ಕೂಡಿಕೊಂಡಿತು. ಬಾಗಿದ್ದು ನೆಟ್ಟಗಾಗಲಿಲ್ಲ, ನೋವು ಹೋಯಿತು. ಊರಿಗೆ ಮರಳಿ ಕೆಲವು ವರ್ಷ ಬಾಳಿದಳು. ಒಂದು ಚಳಿಗಾಲದಲ್ಲಿ ಜ್ವರ ಬಂದು ಹೋಗಿಬಿಟ್ಟಳು. ನನಗೆ ಯಾವ ಸೂಚನೆಯೂ ಆಗಲಿಲ್ಲ. ಭಾವನ ತಂತಿ ಬಂದ ಮೇಲೆಯೇ ತಿಳಿದದ್ದು.

ಅಂದು ಏನು ನಡೆಯಿತೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಆಮೇಲೆ ಎಷ್ಟೋ ಸಾವಿರ ಫಿಲ್ಮುಗಳು ನನ್ನ ಕೈಯಲ್ಲಿ ಹಾದುಹೋಗಿವೆ. ಪ್ರತಿಯೊಂದನ್ನು ಅದ್ದುವಾಗಲೂ ಒಂದು ಕ್ಷಣ ಉಸಿರು ಹಿಡಿದು ಕಾಯುತ್ತೇನೆ. ಮೂಡಿ ಬರುವುದು ಹೊರಗೆ ಮೇಜಿನ ಮೇಲೆ ಮಲಗಿದವರ ಎಲುಬು. ಯಾವಾಗಲೂ ಅವರದೇ.