ಬೀರಪ್ಪನ ತಾಮ್ರದ ಕೊಡದ ನೀರು

ದೋಣಿಯ ಬ್ಯಾಟರಿ ಕೆಡಿಸಿದವಳು ಸುನೀತಾ ಅಲ್ಲ, ನಾನು. ಅವಳು ದೇವರ ಕೋಣೆಯೊಳಗೆ ಹೋದದ್ದು ನಿಜ — ಆದರೆ ಕಳಿಸಿದವಳೂ ನಾನೇ. ಇಷ್ಟನ್ನು ಹೇಳಲು ನನಗೆ ಇಷ್ಟು ವರ್ಷ ಬೇಕಾಯಿತು. ಈಗ ಮನೆಯವರೆಲ್ಲರ ಮುಂದೆ ಹೇಳಿದ್ದೇನೆ. ಹೇಳುವಾಗ ಬಿಟ್ಟುಹೋದದ್ದೂ ಇದೆ. ಅದನ್ನೂ ಸೇರಿಸಿ, ನಡೆದದ್ದನ್ನು ನಡೆದ ಹಾಗೆ ಇಲ್ಲಿ ಇಡುತ್ತೇನೆ.

ಸುನೀತಾ ನನ್ನ ನೆಗೆಣ್ಣಿ, ಮೈದುನ ಸಿದ್ರಾಮನ ಹೆಂಡತಿ. ಲೋಹಾರಾದ ಹುಡುಗಿ, ಮರಾಠಿ ಮನೆಮಾತು, ಕನ್ನಡ ನಮ್ಮ ಮನೆಗೆ ಬಂದ ಮೇಲೆ ಕಲಿತಳು. ನಾನು ಔರಾದ ಶಹಾಜನಿ ಕಡೆಯವಳು. ನಮ್ಮ ಮನೆ ಸಾಸ್ತೂರಿನಿಂದಾಚೆ, ಹಿನ್ನೀರಿನ ದಂಡೆಯಲ್ಲಿ. ಹೊಲ, ಕುರಿಹಟ್ಟಿ ಎರಡೂ ಎದುರು ದಂಡೆಯಲ್ಲಿ. ಮಳೆಗಾಲದಲ್ಲಿ ಬಂಡಿದಾರಿ ನೀರಿನಡಿ ಹೋಗುತ್ತದೆ, ಆಗ ಬ್ಯಾಟರಿಯ ಸಣ್ಣ ಮೋಟಾರು ಕೂಡಿಸಿದ ದೋಣಿಯೇ ಗತಿ. ದೀಪಾವಳಿ ಮುಗಿದು ನೀರು ಇಳಿದರೆ ದೋಣಿಯನ್ನು ದಂಡೆಗೆಳೆದು ಬೋರಲು ಹಾಕುತ್ತೇವೆ. ಗಂಡಸರು ಕುರಿ ಹೊಡೆದುಕೊಂಡು ದೂರದ ಹೊಲಗಳಿಗೆ ಹೋಗುತ್ತಾರೆ. ಚಳಿಗಾಲವೆಲ್ಲ ಬ್ಯಾಟರಿಗಳು ಹೆಂಗಸರ ಪಾಲಿಗೆ.

ಅವನ್ನು ಇಡುತ್ತಿದ್ದದ್ದು ದೇವರ ಕೋಣೆಯಲ್ಲಿ. ಮನೆಯಲ್ಲಿ ನೆಲದ ತೇವ ಏರದ ಜಾಗ ಅದೊಂದೇ. ನನ್ನ ಗಂಡ ಮಾಳಪ್ಪ ವಯರು ಬಿಚ್ಚಿ, ತುದಿಗಳಿಗೆ ಕಟ್ಟಿದ ಬಿಳಿ ಹುಡಿಯನ್ನು ಸೋಡಾ ಕಲಸಿದ ಬಿಸಿನೀರಿನಿಂದ ತೊಳೆದು, ಗ್ರೀಸ್ ಹಚ್ಚಿ, ಹಲಗೆಯ ಮೇಲೆ ಇಟ್ಟು ಹೋಗುತ್ತಿದ್ದ. ಅತ್ತೆ ಅವುಗಳ ನೆತ್ತಿಗೂ ಮನೆದೇವರು ಬೀರಪ್ಪನ ಭಂಡಾರದ ಅರಿಶಿನ ಹಚ್ಚುತ್ತಿದ್ದರು. ಹೊರಡುವಾಗ ಗಂಡ ಹೇಳಿದ್ದು ಇಷ್ಟೇ: “ಹುಣ್ಣಿಮಿ ಹುಣ್ಣಿಮಿಗಿ ಚಾರ್ಜಿಗಿ ಹಚ್ಚು. ಮುಚ್ಚಳ ತೆಗದು ನೋಡು. ಕಮ್ಮಿ ಆಗಿದ್ರ ಬಾಟ್ಲಿ ನೀರೇ ಹಾಕು. ಬ್ಯಾರೆ ನೀರು ಹನಿನೂ ಬ್ಯಾಡ.”

ಆ ಮಾತು ನನಗೆ ಚೆನ್ನಾಗಿ ನೆನಪಿತ್ತು. ಮರೆತಿದ್ದೆ ಎಂದು ಹೇಳುವ ಹಾಗಿಲ್ಲ.

ಆ ವರ್ಷ ಎಳ್ಳಮವಾಸ್ಯೆಯ ಹಬ್ಬಕ್ಕೆ, ಹೊಲದಲ್ಲಿ ಪೂಜೆ ಮಾಡಿ ಉಣ್ಣಲು ಒಯ್ಯುವ ಅಂಬಲಿ ಗಡಿಗೆಯನ್ನು ಮೂಲೆಯಿಂದ ಎಳೆಯುವಾಗ, ಅಂಗಡಿಯಿಂದ ತಂದಿಟ್ಟಿದ್ದ ಉಪ್ಪಿಲ್ಲದ ಬ್ಯಾಟರಿ ನೀರಿನ ಬಾಟ್ಲಿ ಉರುಳಿ ಒಡೆಯಿತು. ನೆಲ ಒರೆಸಿ ಸುಮ್ಮನಾದೆ. ಲೋಹಾರಾಕ್ಕೆ ಹೋಗುವ ಯಾರ ಕೈಯಲ್ಲಾದರೂ ಹೇಳಿದ್ದರೆ ಇನ್ನೊಂದು ಬರುತ್ತಿತ್ತು. ನಾಳೆ ಹೇಳಿದರಾಯಿತು — ಅಂದುಕೊಂಡೆ.

ಮುಂದಿನ ಹುಣ್ಣಿಮೆ. ಅತ್ತೆ ನಿಲಂಗಾಕ್ಕೆ, ಮಗಳ ಮನೆಗೆ ಹೋಗಿದ್ದರು. ನಾನು ಬ್ಯಾಟರಿಗಳನ್ನು ಚಾರ್ಜಿಗೆ ಹಚ್ಚಿ ರೊಟ್ಟಿಗೆ ಕೂತೆ. ಹೊತ್ತು ಮೀರಿದ್ದು ಗೊತ್ತಾಗಲಿಲ್ಲ. ಒಳಗಿನಿಂದ ಹುಳಿ ಘಾಟು ಬಂತು. ನನ್ನ ಎರಡೂ ಕೈ ಹಿಟ್ಟು. ಸುನೀತಾ ಪಡಸಾಲೆಯಲ್ಲಿ ಬೇರೆ ಕೂತಿದ್ದಳು — ತಿಂಗಳ ಆ ದಿನಗಳು, ದೇವರ ಕೋಣೆಯ ಹೊಸ್ತಿಲು ದಾಟಬಾರದು.

“ಸುನೀತಾ, ಒಳಗ ಹೋಗಿ ಬಟನ್ ಬಂದ್ ಮಾಡು.”

“ಅಕ್ಕಾ, ನಾ ಹೊರಗ ಆಗೀನಿ.”

“ಗೊತ್ತದ. ಮನ್ಯಾಗ ಯಾರದಾರ? ನಾ ಯಾರ ಮುಂದೂ ಅನ್ನಂಗಿಲ್ಲ, ಹೋಗು.”

ಅವಳು ಹೋಗಿ ಬಂದ್ ಮಾಡಿ ಬಂದಳು. ಬ್ಯಾಟರಿಯನ್ನು ಮುಟ್ಟಲೂ ಇಲ್ಲ. ಬಟನ್ ಇದ್ದದ್ದು ಗೋಡೆಯಲ್ಲಿ.

ಕೈ ತೊಳೆದು ನಾನು ಮುಚ್ಚಳ ತೆಗೆದೆ. ನೀರು ಆರಿ ಒಳಗಿನ ತಗಡುಗಳ ತಲೆಗಳು ಕಾಣುತ್ತಿದ್ದವು. ಬಾಟ್ಲಿ ಇರಲಿಲ್ಲ. ಬೀರಪ್ಪನ ಮುಂದೆ ತಾಮ್ರದ ಕೊಡವಿತ್ತು, ಅದರಲ್ಲಿ ಬಾವಿಯಿಂದ ಮಡಿಯಲ್ಲಿ ತಂದು, ಬಟ್ಟೆಯಲ್ಲಿ ಸೋಸಿದ ನೀರು. ನಮ್ಮ ಮನೆಯಲ್ಲಿ ಅದಕ್ಕಿಂತ ಶುದ್ಧವಾದದ್ದು ಏನಿತ್ತು? ಕೈಮುಗಿದೆ. ಲೋಟದಿಂದ ಒಂದೊಂದೇ ತೂತಿಗೆ ತುಂಬಿದೆ. ತುಂಬಿ — ಹೌದು, ನೆಮ್ಮದಿಯಿಂದಲೇ — ಮುಚ್ಚಳ ಹಾಕಿದೆ.

ಮಳೆಗಾಲ ಬಂತು. ಹಿನ್ನೀರು ತುಂಬಿದ ಮೇಲೆ ಒಂದು ಮಧ್ಯಾಹ್ನ ನನ್ನ ಗಂಡ, ಅತ್ತೆ, ಜೊತೆಗೆ ಸುನೀತಾಳ ಪುಟ್ಟ ಮಗಳು ದೋಣಿ ಹತ್ತಿದರು. ಫುಲ್ ಚಾರ್ಜ್ ತೋರಿಸಿದ್ದ ಬ್ಯಾಟರಿ ನಡುನೀರಿಗೆ ಹೋಗುವಷ್ಟರಲ್ಲಿ ಸತ್ತಿತು. ಗಂಡನ ಕೈಲಿದ್ದ ಬಿದಿರಿಗೆ ತಳ ಸಿಗಲಿಲ್ಲ. ಗಾಳಿ ಅವರನ್ನು ಮುಳುಗಿದ ಜಾಲಿಮರಗಳ ಕಡೆಗೆ ದೂಡಿತು. ದಂಡೆಯ ಮೇಲೆ ನಾವಿಬ್ಬರೇ. ಸುನೀತಾ ಸೊಂಟದವರೆಗೆ ನೀರಿಗಿಳಿದಳು, ಅವಳಿಗೆ ಈಜು ಬರುವುದಿಲ್ಲ. ಅವಳ ಸೆರಗು ಹಿಡಿದು ನಿಂತವಳು ನಾನು. ಮೀನು ಹಿಡಿಯುವವರು ಬಂದು ಹಗ್ಗ ಎಸೆದರು. ಯಾರಿಗೂ ಏನೂ ಆಗಲಿಲ್ಲ.

ಗಂಡ ಬ್ಯಾಟರಿಗಳನ್ನು ಉಮರ್ಗಾಕ್ಕೆ ಒಯ್ದು ರಿಪೇರಿಯವನಿಗೆ ತೋರಿಸಿ ಬಂದ. “ಒಳಗ ಬಾವಿದೋ ಕೆರೀದೋ ಉಪ್ಪಿನಂಶದ ನೀರು ಹೋಗ್ಯಾದಂತ. ಯಾರು ಹಾಕ್ದಿರಿ?”

ನಾನು ಬಾಯಿ ತೆರೆದಿದ್ದೆ. ಇಷ್ಟು ಮಾತ್ರ ನಿಜ — ತೆರೆದಿದ್ದೆ. ಅಷ್ಟರಲ್ಲಿ ಅತ್ತೆ ತಡೆದರು. “ನೀರಿನ ಮಾತಲ್ಲೋ ಇದು. ದೇವರ ಮಗ್ಗಲದಾಗ ಇಟ್ಟ ವಸ್ತು. ಹೊರಗ ಆದಾಕಿ ಯಾರರ ಒಳಗ ಹೋಗಿದ್ರೇನ? ನೀ ದೊಡ್ಡಾಕಿ, ನೀ ಹೇಳು.”

ಆ ಪ್ರಶ್ನೆ ನನಗೆ ತೆರೆದ ಬಾಗಿಲಿನ ಹಾಗೆ ಕಂಡಿತು.

“ಸುನೀತಾ ಒಂದು ಸರ್ತಿ ಒಳಗ ಹೋಗಿದ್ಲು,” ಅಂದೆ.

ಅದರಲ್ಲಿ ಒಂದಕ್ಷರ ಸುಳ್ಳಿಲ್ಲ. ಅಂಥ ಮಾತನ್ನು ಆರಿಸಿಕೊಂಡೆ. ಸುನೀತಾ ನನ್ನ ಮುಖ ನೋಡಿದಳು. ಅವಳು “ಅಕ್ಕನೇ ಕಳಿಸಿದ್ದು” ಎನ್ನುತ್ತಾಳೆಂದು ಕಾದೆ. ಅವಳು ಅನ್ನಲಿಲ್ಲ, ಯಾಕೆಂದು ಆಗ ನನಗೆ ತಿಳಿಯಲಿಲ್ಲ. ಸ್ವಂತ ಮಗಳ ಜೀವಕ್ಕೆ ಕುತ್ತು ತಂದವಳು ಎಂಬ ಮಾತು ಅವಳ ಮೇಲೆ ಕೂತಿತು. ದೇವರ ಕೋಣೆ ಅವಳಿಗೆ ಮುಚ್ಚಿತು — ಮೂರು ದಿನವಲ್ಲ, ಪೂರ್ತಿ. ಎಳ್ಳಮವಾಸ್ಯೆಯ ಅಂಬಲಿ ಗಡಿಗೆಯನ್ನು ಅವಳು ಮುಟ್ಟಬಾರದು ಎಂದಾಯಿತು. ಸಿದ್ರಾಮ ಅವಳನ್ನು ಕರೆದುಕೊಂಡು ಉದಗೀರಕ್ಕೆ ಹೋಗಿ ಟೆಂಪೊ ಹೊಡೆಯತೊಡಗಿದ. ವರ್ಷಕ್ಕೊಮ್ಮೆ ಅದೇ ಹಬ್ಬಕ್ಕೆ ಬರುತ್ತಿದ್ದರು. ಸುನೀತಾ ಬರಿಗೈಯಲ್ಲಿ ನಮ್ಮ ಹಿಂದೆ ನಡೆದು ಬಂದು ಬದುವಿನ ಮೇಲೆ ಕೂತು ಉಂಡು ಹೋಗುತ್ತಿದ್ದಳು. ಅವಳಿಗೆ ಬಡಿಸುತ್ತಿದ್ದವಳು ನಾನು.

ಈ ವರ್ಷ ಅವಳ ಮಗಳು ದೊಡ್ಡವಳಾಗಿದ್ದಾಳೆ. ಹಬ್ಬದ ಬೆಳಿಗ್ಗೆ ಗಡಿಗೆಯ ಹತ್ತಿರ ಬಂದು, ಮುಟ್ಟದೆ ನಿಂತು ಕೇಳಿದಳು. “ದೊಡ್ಡವ್ವಾ, ಇನ್ನ ಮ್ಯಾಲ ನಾನೂ ಮುಟ್ಟಬಾರ್ದೇನ? ಅವ್ವನಂಗ?”

ಹುಡುಗಿ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಿದ್ದಳು.

ಅಲ್ಲೇ ಹೇಳಿಬಿಟ್ಟೆ. ಬಾಟ್ಲಿ, ಕೊಡ, ಲೋಟ, ಬಟನ್ — ಎಲ್ಲ.

ಅತ್ತೆ ಒಪ್ಪಲಿಲ್ಲ. “ಬೀರಪ್ಪನ ನೀರಿಂದ ಬ್ಯಾಟ್ರಿ ಕೆಡ್ತದೇನ, ಹುಚ್ಚಿ?”

“ಅವ್ವಾ, ಬೀರಪ್ಪ ಕುರಿ ಕಾಯೋ ದೇವ್ರು,” ಸಿದ್ರಾಮ ಹೇಳಿದ. “ಬ್ಯಾಟ್ರಿ ಕಾಯೋದು ಅಂವಗ್ಯಾರು ಕಲಿಸ್ಯಾರ?”

ಅತ್ತೆ ನನ್ನನ್ನು ಕೇಳಿದರು. “ಆಕಿ ತಾನಾಗೇ ಹೋಗಿದ್ಲೋ, ನೀ ಕಳಿಸಿದ್ದೋ?”

“ನಾ ಕಳಿಸಿದ್ದೆ ಅತ್ತಿ. ಯಾರ ಮುಂದೂ ಅನ್ನಂಗಿಲ್ಲ ಅಂತ ಹೇಳಿ ಕಳಿಸಿದ್ದೆ.”

ಗಂಡ ನೆಲ ನೋಡುತ್ತಿದ್ದ. ಅತ್ತೆ ಗಡಿಗೆ ಹೊರಲು ತಲೆಗಿಡುವ ಬಟ್ಟೆಯ ಸಿಂಬಿ ಸುತ್ತಿ, ನನಗೆ ಕೊಡದೆ, ಸುನೀತಾಳ ಕಡೆ ಚಾಚಿದರು. “ಬಿಸಲು ಏರ್ತದ. ಹೊರು.”

ಸುನೀತಾ ಕೂಡಲೇ ತೆಗೆದುಕೊಳ್ಳಲಿಲ್ಲ. ನನ್ನ ಕಡೆ ತಿರುಗಿದಳು. “ನೀ ಅಂದಿದ್ದು ಸುಳ್ಳಲ್ಲ ಅಕ್ಕಾ. ಅದಕ್ಕೇ ನಂಗ ಉತ್ತರ ಸಿಗಲಿಲ್ಲ. ಸುಳ್ಳು ಅಂದಿದ್ರ ಜಗಳಾಡ್ತಿದ್ದೆ.”

ಆಮೇಲೆ ಗಡಿಗೆ ಹೊತ್ತಳು. ದಾರಿಯುದ್ದಕ್ಕೂ ನಾನು ಅವಳ ಹಿಂದೆ, ಬರಿಗೈಯಲ್ಲಿ ನಡೆದೆ. ಕ್ಷಮಿಸಿದ್ದೇನೆ ಎಂದು ಅವಳು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆದರೂ ಆ ದಾರಿ ನನಗೆ ಅಷ್ಟು ಹಗುರಾಗಿ ಎಂದೂ ಸಾಗಿರಲಿಲ್ಲ. ಬರಿಗೈಯಲ್ಲಿ ಹಿಂದೆ ನಡೆಯುವುದು ಹೇಗಿರುತ್ತದೆ ಎಂಬುದೂ ಅಂದೇ ಗೊತ್ತಾಯಿತು.

ಬ್ಯಾಟರಿಗಳು ಈಗ ಪಡಸಾಲೆಯಲ್ಲಿವೆ, ಹಲಗೆಯ ಮೇಲೆ, ಯಾರು ಯಾವ ದಿನ ಬೇಕಾದರೂ ಮುಟ್ಟಬಹುದಾದ ಜಾಗದಲ್ಲಿ. ಮೊನ್ನೆ ಹುಣ್ಣಿಮೆಗೆ ಉದಗೀರದಿಂದ ಫೋನ್ ಬಂತು.

“ಅಕ್ಕಾ, ಚಾರ್ಜಿಗಿ ಹಚ್ಚಿದಿ?”

“ಹಚ್ಚೀನಿ.”

“ಯಾವ ನೀರು ಹಾಕ್ದಿ?”

“ಬಾಟ್ಲಿದು.”

“ಹೋಗಿ ನೋಡಿ ಬಂದು ಹೇಳು.”

ನಾನು ಎದ್ದು ಹೋಗಿ, ಬಾಟ್ಲಿಯನ್ನು ಕೈಯಲ್ಲಿ ಹಿಡಿದು, ನೋಡಿ, ಬಂದು ಹೇಳಿದೆ. ಮುಂದಿನ ಹುಣ್ಣಿಮೆಗೂ ಅವಳು ಕೇಳಬಹುದು. ಕೇಳಲಿ. ಪ್ರತಿ ಸಲವೂ ಎದ್ದು ಹೋಗಿ ನೋಡಿಯೇ ಹೇಳುತ್ತೇನೆ.