ಪಟ್ಟಿಯಿಂದ ಕಾಣೆಯಾದ ಮೊಣಕಾಲಪ್ಪ

ಗುರುಬಾಯಿ ಮೂವತ್ತೊಂದು ವರ್ಷ ಸಿಕಂದರಾಬಾದ್ ಹತ್ತಿರದ ನಾಚಾರಂನ ಗುಳಿಗೆ ಕಾರ್ಖಾನೆಯೊಂದರ ಪ್ಯಾಕಿಂಗ್ ಹಾಲ್‌ನಲ್ಲಿ ನಿಂತೇ ಕಳೆದವರು. ಕೂತು ಮಾಡುವ ಕೆಲಸ ಅಲ್ಲಿ ಮ್ಯಾನೇಜರನದು ಮಾತ್ರ. ಒಂದು ಬ್ಯಾಚ್ ಮುಗಿಯಿತೆಂದರೆ ಒಳಗೆ ಬಂದ ಗುಳಿಗೆ, ಪೆಟ್ಟಿಗೆ, ಮಾಹಿತಿ ಚೀಟಿ ಎಷ್ಟು, ಹೊರಗೆ ಹೋದದ್ದೆಷ್ಟು, ಹರಿದು ಹಾಳಾದದ್ದೆಷ್ಟು ಎಂದು ತಾಳೆ ನೋಡಬೇಕು. ತಾಳೆಯಾಗದೆ ಹಾಲ್‌ನ ಬಾಗಿಲು ತೆಗೆಯುವಂತಿಲ್ಲ. ಒಮ್ಮೆ ಒಂದೇ ಒಂದು ಚೀಟಿ ಕಡಿಮೆ ಬಿತ್ತು. ಇಪ್ಪತ್ತಾರು ಹೆಂಗಸರು ಒಂದೂವರೆ ತಾಸು ನೆಲ ಹುಡುಕಿದರು. ಕಡೆಗೆ ಗುರುಬಾಯಿ ಮ್ಯಾನೇಜರನ ಮುಂದೆ ಹೋಗಿ, "ಸಾಹೇಬ್ರ, ಸ್ವಲ್ಪ ಕಾಲು ಎತ್ರಿ" ಎಂದರು. ಚೀಟಿ ಅವನ ಬೂಟಿನ ತಳಕ್ಕೆ ಅಂಟಿಕೊಂಡಿತ್ತು. ಆ ವರ್ಷವೇ ಅವರು ಸೂಪರ್‌ವೈಸರ್ ಆದರು.

ಮುಂದೆ ಆ ಕಾರ್ಖಾನೆಯನ್ನು ಆರ್ಡೆನ್‌ಹೋಫ್ ಎಂಬ ದೊಡ್ಡ ವಿದೇಶಿ ಔಷಧ ಕಂಪನಿ ಕೊಂಡುಕೊಂಡಿತು. ಹಳೆಯ ಕೆಲಸಗಾರರಿಗೆಲ್ಲ ಅದರ ಭಾರತದ ಶಾಖೆಯ ನೂರು ನೂರು ಷೇರು ಸಿಕ್ಕವು. ಉಳಿದವರು ಅವನ್ನು ಮಾರಿ ಸ್ಕೂಟರ್ ತಂದರು, ಫ್ರಿಜ್ ತಂದರು. ಗುರುಬಾಯಿ ಮಾರಲಿಲ್ಲ. ಷೇರಿಗಿಂತ ಅದರ ಜೊತೆ ವರ್ಷಕ್ಕೊಮ್ಮೆ ಬರುವ ದಪ್ಪ ವರದಿಯ ಮೇಲೆ ಅವರಿಗೆ ಮೋಹ. ಈಚೆಗೆ ಎಲ್ಲರಿಗೂ ಅದು ಇ-ಮೇಲ್‌ನಲ್ಲಿ ಬರುತ್ತದೆ. ಇವರು ಮಾತ್ರ ಪ್ರತಿವರ್ಷ ಕಾಗದ ಬರೆದು ಅಚ್ಚಾದ ಪುಸ್ತಕವನ್ನೇ ತರಿಸಿಕೊಳ್ಳುತ್ತಿದ್ದರು. ಮಗಳು ಕಾವ್ಯಾ ಸಿಕಂದರಾಬಾದ್‌ನ ಕಾಲೇಜೊಂದರಲ್ಲಿ ಕಾಮರ್ಸ್ ಕಲಿಸುತ್ತಿದ್ದಳು. ಅವಳ ಪಕ್ಕ ಕೂತು, ಇಂಗ್ಲಿಷ್ ತೊಡಕಾದಲ್ಲಿ ಅವಳನ್ನು ಕೇಳಿ, ಪೆನ್ಸಿಲ್ ಹಿಡಿದು ಅದನ್ನು ಓದುತ್ತಿದ್ದರು.

ಲಾಭ ನಷ್ಟದ ಪುಟಗಳನ್ನು ಬೇಗ ದಾಟುತ್ತಿದ್ದರು. ಅವರ ಜೀವವೆಲ್ಲ ಇನ್ನೂ ಮಾರುಕಟ್ಟೆಗೆ ಬಾರದ ಔಷಧಗಳ ಪಟ್ಟಿಯಲ್ಲಿತ್ತು. ಅವಕ್ಕೆ ಹೆಸರಿಲ್ಲ, ನಂಬರು ಮಾತ್ರ. ಒಂದನೇ ಹಂತದ ಪರೀಕ್ಷೆ, ಎರಡನೆಯದು, ಮೂರನೆಯದು, ಆಮೇಲೆ ಸರಕಾರದ ಒಪ್ಪಿಗೆ. ಅದರಲ್ಲಿ ೪೧೭ ಎಂಬುದು ಮೊಣಕಾಲು ನೋವಿನ ಔಷಧ. ಮೂವತ್ತೊಂದು ವರ್ಷ ನಿಂತ ಕಾಲುಗಳ ಒಡತಿ ಅದನ್ನು ಬಿಡುವುದುಂಟೆ? ಅದಕ್ಕೆ ಮೊಣಕಾಲಪ್ಪ ಎಂದು ಹೆಸರಿಟ್ಟಿದ್ದರು. ನಾಲ್ಕು ವರ್ಷದಲ್ಲಿ ಅವನು ಇಡೀ ಕಾಲೊನಿಗೆ ಪರಿಚಯವಾಗಿದ್ದ.

"ಎಲ್ಲಿಗಿ ಬಂದಾನ್ರಿ ಅಕ್ಕೋರ, ನಿಮ್ಮ ಮೊಣಕಾಲಪ್ಪ?" ಎಂದು ಎದುರು ಮನೆಯ ಸೂರ್ಯಕಾಂತ ಗೇಟಿನಿಂದಲೇ ಕೇಳುತ್ತಿದ್ದ. ಅವನದು ಬಟ್ಟೆ ಅಂಗಡಿ. ಬಿಡುವಾದಾಗ ಮೊಬೈಲಿನಲ್ಲಿ ಷೇರು ಕೊಳ್ಳುವುದು, ಮಾರುವುದು.

"ಎರಡನೇ ಪರೀಕ್ಷಾ ಪಾಸಾಗ್ಯಾನ. ಈಗ ಮೂರನೇದಕ್ಕ ಕುಂತಾನ."

"ಅಂದ್ರ ತಗೊಳ್ಳಬಹುದೇನ್ರಿ ಷೇರು?"

"ಅದು ನಂಗೇನ್ ಗೊತ್ತಪಾ? ನಾ ನನ್ನ ಮೊಣಕಾಲಿನ ಗುಳಿಗಿ ಸಲುವಾಗಿ ಕಾಯಾಕತ್ತೀನಿ."

ಸೂರ್ಯಕಾಂತ ಮೊದಲನೆಯ ವಾಕ್ಯವನ್ನು ಕೇಳಿಸಿಕೊಳ್ಳದೆ ಐನೂರು ಷೇರು ಕೊಂಡ.

ಆ ವರ್ಷ ಜುಲೈನಲ್ಲಿ ವರದಿ ಬಂತು. ಗುರುಬಾಯಿ ನೇರ ಪಟ್ಟಿಯ ಪುಟ ತೆಗೆದರು. ಮೊಣಕಾಲಪ್ಪ ಇರಲಿಲ್ಲ. ಒಪ್ಪಿಗೆಯ ಸಾಲಿನಲ್ಲಿ ಹುಡುಕಿದರು, ಇಲ್ಲ. ನಿಲ್ಲಿಸಿದ ಔಷಧಗಳ ಸಾಲಿನಲ್ಲಿ ಬೇರೆ ಯಾವುದೋ ಒಂದು ನಂಬರು ಒಂಟಿಯಾಗಿ ಕೂತಿತ್ತು. ಕನ್ನಡಕ ಒರೆಸಿಕೊಂಡು ಹಳೆಯ ವರದಿ ತೆಗೆದು ತಾಳೆ ನೋಡಿದರು. ಹೋದ ವರ್ಷ ಇಪ್ಪತ್ತೆರಡು. ಅದರಲ್ಲಿ ಎರಡು ಮಾರುಕಟ್ಟೆಗೆ ಬಂದವು, ಒಂದು ನಿಂತಿತು. ಹೊಸದಾಗಿ ನಾಲ್ಕು ಸೇರಿದವು. ಇಪ್ಪತ್ಮೂರು ಇರಬೇಕು. ಇದ್ದದ್ದು ಇಪ್ಪತ್ತೆರಡು.

"ಒಂದು ಕಡಿಮಿ ಬೀಳಾಕತ್ತೈತಿ" ಎಂದರು.

ಗಂಡ ಅಮೃತಪ್ಪ ಸಿಕಂದರಾಬಾದ್ ಸ್ಟೇಷನ್ನಿನ ಪಾರ್ಸೆಲ್ ಆಫೀಸಿನಲ್ಲಿದ್ದು ನಿವೃತ್ತರಾದವರು. ಒಂದು ಗಂಟು ಕಡಿಮೆ ಬಿದ್ದರೆ ತಲೆ ಕೆಡಿಸಿಕೊಳ್ಳುವ ಪದ್ಧತಿ ಅವರದಲ್ಲ. "ಸಾವಿರಾರು ಕೋಟಿ ಕಂಪನಿ. ಒಂದು ಹೋದ್ರ ಹೋಗ್ಲಿ ಬಿಡ. ನಿನಗ್ಯಾಕ ಬೇಕು?"

"ಬಾಗ್ಲಾ ಹಾಕಿದ ಹಾಲ್‌ನಾಗಿಂದ ಅಂವ ಹಾರಿ ಹ್ಯಾಂಗ ಹೋದಾನ್ರಿ? ಕಾವ್ಯಾ, ಆಗಸ್ಟ್‌ನಾಗ ಮೀಟಿಂಗ್ ಐತಲ್ಲ, ನನ್ನ ಹೆಸರು ಬರಸು. ನಾ ಮಾತಾಡ್ತೀನಿ."

"ಅವ್ವ, ಇಡೀ ದೇಶ ನೋಡ್ತದ ಅದನ್ನ."

"ನೋಡ್ಲಿ ಬಿಡು. ಇಳಕಲ್ ಸೀರಿ ಉಟ್ಟೇ ಕುಂದರ್ತೀನಿ."

ಷೇರುದಾರರ ವಾರ್ಷಿಕ ಸಭೆ ಈಗ ವಿಡಿಯೊದಲ್ಲೇ ನಡೆಯುತ್ತದೆ. ಮುಂಬೈಯಲ್ಲಿ ಕೂತ ಅಧ್ಯಕ್ಷರು ನಲವತ್ತು ನಿಮಿಷ ಮಾತಾಡಿದರು. ಆದಾಯ ಶೇಕಡಾ ಒಂಬತ್ತು ಏರಿದೆ, ಲಾಭ ಹನ್ನೊಂದು ಏರಿದೆ. ಹೆಚ್ಚಿನ ಗಳಿಕೆಯೆಲ್ಲ ಮಧುಮೇಹದ ಒಂದೇ ಗುಳಿಗೆಯದು. ಅದರ ಪೇಟೆಂಟ್ ಇನ್ನೆರಡು ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಯಾರು ಬೇಕಾದರೂ ಅದನ್ನು ಮಾಡಿ ಅಗ್ಗಕ್ಕೆ ಮಾರಬಹುದು. ಆದರೆ ಹೆದರಬೇಕಿಲ್ಲ, ಹೊಸ ಔಷಧಗಳ ಪಟ್ಟಿ ಎಂದಿಗಿಂತ ಗಟ್ಟಿಯಾಗಿದೆ ಎಂದರು. "ಗಟ್ಟಿ" ಎಂಬಲ್ಲಿ ಗುರುಬಾಯಿ ಪೆನ್ಸಿಲಿನಿಂದ ಮೇಜು ಕುಟ್ಟಿದರು.

ಆಮೇಲೆ ಷೇರುದಾರರ ಸರದಿ. ಒಬ್ಬರು ಅಧ್ಯಕ್ಷರ ದೂರದೃಷ್ಟಿಯನ್ನು ಹೊಗಳಿದರು. ಇನ್ನೊಬ್ಬರು ಅವರ ಟೈಯನ್ನು ಹೊಗಳಿ ಕಾರ್ಖಾನೆ ತೋರಿಸಲು ಕರೆದೊಯ್ಯಬೇಕೆಂದು ಕೇಳಿದರು. ಹದಿನೇಳನೆಯವರಾಗಿ ಗುರುಬಾಯಿಯ ಮುಖ ತೆರೆಯ ಮೇಲೆ ಬಂತು. ಒಬ್ಬೊಬ್ಬರಿಗೆ ಮೂರು ನಿಮಿಷ. ನಾಚಾರಂನ ಹಾಲ್‌ನಲ್ಲಿ ಕಲಿತ ಹಿಂದಿಯಲ್ಲಿ ಅವರು ಎರಡೇ ನಿಮಿಷದಲ್ಲಿ ತಾಳೆ ಒಪ್ಪಿಸಿದರು. ಇಪ್ಪತ್ತೆರಡರಲ್ಲಿ ಮೂರು ಕಳೆದು ನಾಲ್ಕು ಕೂಡಿಸಿ, "ನಮ್ಮ ೪೧೭ ಎಲ್ಲಿ ಸಾಹೇಬ್ರೆ?" ಎಂದು ಕೇಳಿದರು.

ಅಧ್ಯಕ್ಷರು ಬಲಕ್ಕೆ ನೋಡಿದರು. ಬಲಗಡೆಯವರು ಎಡಕ್ಕೆ ನೋಡಿದರು. "ನಿಮಗೆ ಬರಹದಲ್ಲಿ ಉತ್ತರ ಕಳಿಸುತ್ತೇವೆ ಮೇಡಂ" ಎಂದು ಯಾರೋ ಹೇಳಿದರು.

"ನನ್ನ ಟೈಮು ಇನ್ನೂ ಒಂದು ನಿಮಿಷ ಐತಲ್ಲ. ಹುಡುಕ್ರಿ. ನಾ ಕುಂತಿರ್ತೀನಿ" ಎಂದು ಗುರುಬಾಯಿ ಹಿಂದಿಯಲ್ಲೇ ಹೇಳಿ ಸುಮ್ಮನಾದರು.

ಆ ಒಂದು ನಿಮಿಷ ದೇಶದ ನಾಲ್ಕು ಸಾವಿರ ಷೇರುದಾರರು ಪೆನ್ಸಿಲ್ ಹಿಡಿದು ಕಣ್ಣು ಮಿಟುಕಿಸದೆ ಕೂತ ಅಜ್ಜಿಯೊಬ್ಬರನ್ನು ನೋಡಿದರು. ಹಿಂದೆ ಅಮೃತಪ್ಪ ಬನಿಯನ್‌ನಲ್ಲಿ ಚಹಾದ ಕಪ್ಪು ಹಿಡಿದು ಬಂದವರು, ತೆರೆಯಲ್ಲಿ ತಮ್ಮನ್ನೇ ಕಂಡು ಹಾಗೇ ಹಿಂದಕ್ಕೆ ಸರಿದದ್ದನ್ನೂ ನೋಡಿದರು. ಮುಂಬೈಯಲ್ಲಿ ಕಾಗದಗಳು ಸರಸರ ಆಡುತ್ತಿದ್ದವು.

ಕೊನೆಗೆ ಸಂಶೋಧನಾ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಧನಶ್ರೀ ಮೈಕು ಹತ್ತಿರ ಎಳೆದುಕೊಂಡರು. ೪೧೭ನ್ನು ಫೆಬ್ರವರಿಯಲ್ಲೇ ನಿಲ್ಲಿಸಲಾಗಿದೆ ಎಂದರು. ಪರೀಕ್ಷೆಯಲ್ಲಿ ಅರ್ಧ ಜನಕ್ಕೆ ನಿಜವಾದ ಗುಳಿಗೆ, ಇನ್ನರ್ಧ ಜನಕ್ಕೆ ಔಷಧವೇ ಇಲ್ಲದ ಖಾಲಿ ಗುಳಿಗೆ ಕೊಟ್ಟಿದ್ದರು. ಎರಡೂ ಗುಂಪಿನವರ ನೋವು ಸರಿಸಮ ಕಡಿಮೆಯಾಯಿತು. ವರದಿಯ ಅರವತ್ತೊಂದನೆಯ ಪುಟದಲ್ಲಿ "ಆದ್ಯತೆಗಳ ಮರುಜೋಡಣೆ" ಎಂಬ ಮಾತಿದೆ, ಅದೇ ಇದು.

"ಅಂದ್ರ ಫೇಲಾದ" ಎಂದರು ಗುರುಬಾಯಿ.

"ಹೌದು. ಫೇಲಾದ" ಎಂದರು ಧನಶ್ರೀ.

"ಹಂಗಾದ್ರ ಹಂಗಂತ ಬರೀರಿ." ಅಷ್ಟಕ್ಕೆ ಅವರ ಸರದಿ ಮುಗಿದು ತೆರೆ ಕಪ್ಪಾಯಿತು.

ಮರುದಿನ ಷೇರು ಶೇಕಡಾ ನಾಲ್ಕು ಬಿತ್ತು. ಕಂಪನಿ ತಿದ್ದುಪಡಿಯ ಪತ್ರ ಹೊರಡಿಸಿ, ನಿಲ್ಲಿಸಿದ ಔಷಧಗಳ ಸಾಲಿಗೆ ೪೧೭ನ್ನು ಸೇರಿಸಿತು. ಸೂರ್ಯಕಾಂತ ಗೇಟಿಗೆ ಬಂದು ನಿಂತ. "ಏನ್ರಿ ಅಕ್ಕೋರ ಇದು! ಸುಮ್ನ ಕುಂತಿದ್ರ ಯಾರಿಗೂ ಗೊತ್ತೇ ಆಗ್ತಿರಲಿಲ್ಲ."

"ಅಂವ ಫೆಬ್ರವರಿದಾಗ ಹೋಗ್ಯಾನಪಾ. ನೀ ಜೂನ್‌ದಾಗ ಮತ್ತ ಇನ್ನೂರು ತಗೊಂಡಿ. ಆವಾಗ ಯಾರರ ಹೇಳಿದ್ರ ನಿನಗ ಚಲೋ ಆಗ್ತಿತ್ತೋ ಇಲ್ಲೋ?"

ಸೂರ್ಯಕಾಂತ ಇದಕ್ಕೆ ಉತ್ತರ ಯೋಚಿಸಲು ಎಂಟು ದಿನ ತೆಗೆದುಕೊಂಡ. ಆ ಎಂಟು ದಿನ ಮಾತೂ ಬಿಟ್ಟ. ಒಂಬತ್ತನೆಯ ದಿನ ಹೆಂಡತಿಯ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸಿದ.

ಗುರುಬಾಯಿಗೆ ಷೇರು ಬಿದ್ದದ್ದು ನೋಯಲಿಲ್ಲ. ಗೆದ್ದ ಖುಷಿಯೂ ಬಹಳ ಹೊತ್ತು ಉಳಿಯಲಿಲ್ಲ. ಮಹಡಿಯ ಮೆಟ್ಟಿಲು ಹತ್ತುವಾಗ ಪ್ರತಿಸಲ, ಇನ್ನೆರಡು ವರ್ಷ ತಡಕೋ ಎಂದು ಮೊಣಕಾಲಿಗೆ ಹೇಳುತ್ತಿದ್ದರು. ಈಗ ಹೇಳಲು ಏನೂ ಇರಲಿಲ್ಲ. ನಾಲ್ಕನೆಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದರು.

ಹಾಗೆ ಕೂತಿದ್ದ ಒಂದು ಸಂಜೆಯೇ ಫೋನು ಬಂತು. "ಗುರುಬಾಯಿಯವರಾ? ನಾ ಡಾಕ್ಟರ್ ಧನಶ್ರೀ ರೀ, ಆರ್ಡೆನ್‌ಹೋಫ್‌ದಿಂದ. ನಿಮ್ಮ ಹಿಂದಿ ಕೇಳಿದ ಕೂಡ್ಲೆ ಗೊತ್ತಾತು, ನೀವು ನಮ್ಮ ಕಡೆಯವರು ಅಂತ. ನಾ ನಿಮ್ಮೂರಿನ ಕಾಚಿಗುಡಾದಾಕಿ, ಮನಿಮಾತು ಕನ್ನಡ."

ಕನ್ನಡ ಕೇಳಿ ಗುರುಬಾಯಿ ಮೆಟ್ಟಿಲಿನಿಂದ ಎದ್ದೇ ನಿಂತರು. ಸ್ವಲ್ಪ ಹೊತ್ತು ಊರು, ಬಂಧು, ಬಳಗ ಎಲ್ಲ ಆಯಿತು. ಧನಶ್ರೀ ಹೇಳಿದರು: "ಆರು ವರ್ಷ ಅದರ ಹಿಂದ ಕೆಲಸ ಮಾಡೀನ್ರಿ. ಫೇಲ್ ಆತು ಅಂತ ಬಾಯಿಬಿಟ್ಟು ಹೇಳಿದ್ದು ಅವತ್ತೇ. ಹೇಳಿದ ಮ್ಯಾಲ ಹಗುರಾತು."

"ನಾನೂ ಭಾಳ ಹಾದಿ ನೋಡಿದ್ದೆ ರೀ ಬಾಯಾರ. ಒಂದು ಮಾತು ಕೇಳ್ಲೇನು? ಖಾಲಿ ಗುಳಿಗಿ ತಗೊಂಡವರಿಗಿ ನೋವು ಹ್ಯಾಂಗ ಕಡಿಮಿ ಆತು?"

ಧನಶ್ರೀ ನಕ್ಕರು. "ಹದಿನೈದು ದಿನಕ್ಕೊಮ್ಮೆ ನರ್ಸ್ ಅವರನ್ನ ಕರೆದು ಒಂದಿಷ್ಟು ದೂರ ನಡಸ್ತಿದ್ಲು. ಮೊಣಕಾಲು ಹ್ಯಾಂಗದ ಅಂತ ಕೇಳಿ ಬರಕೋತಿದ್ಲು. ಅದರಿಂದಲೇ ಅಂತ ನಾ ಹೇಳಂಗಿಲ್ರಿ. ಆದ್ರ ಬ್ಯಾರೆ ಏನೂ ಕೊಟ್ಟಿರಲಿಲ್ಲ."

ಮರುದಿನ ಬೆಳಿಗ್ಗೆ ಅಮೃತಪ್ಪನವರ ಕೈಗೆ ಒಂದು ವಹಿ ಬಂತು. ಹೆಂಡತಿಯನ್ನು ಪಾರ್ಕಿನಲ್ಲಿ ಎರಡು ಸುತ್ತು ನಡೆಸಬೇಕು. ಆಮೇಲೆ ಮೊಣಕಾಲು ಹೇಗಿದೆ ಎಂದು ಕೇಳಬೇಕು, ಹೇಳಿದ್ದನ್ನು ಬರೆದುಕೊಳ್ಳಬೇಕು. ಮೊದಲ ದಿನ ಅವರು ಪೇಪರ್ ಓದುತ್ತಲೇ ಕೇಳಿದರು. ಅದು ಲೆಕ್ಕಕ್ಕಿಲ್ಲ ಎಂದು ಗುರುಬಾಯಿ ಮತ್ತೆ ಕೇಳಿಸಿದರು. ಎರಡು ತಿಂಗಳ ಮೇಲೆ ಒಂದು ದಿನ ಗುರುಬಾಯಿ ಆರನೆಯ ಮೆಟ್ಟಿಲವರೆಗೆ ನಿಲ್ಲದೆ ಹತ್ತಿದರು. ನೋವು ಸ್ವಲ್ಪ ಕಡಿಮೆ ಎಂದು ಬರೆಸಿದರು. ಅವತ್ತಿನಿಂದ ಅಮೃತಪ್ಪ ಕಾಲೊನಿಯಲ್ಲಿ ಸಿಕ್ಕಿದವರಿಗೆಲ್ಲ, "ನಾ ಕೇಳಾಕತ್ತಿದ ಮ್ಯಾಲ ಆಕಿ ಮೊಣಕಾಲು ಸುಧಾರಿಸೇತಿ" ಎಂದು ಹೇಳಿಕೊಂಡು ತಿರುಗುತ್ತಿದ್ದಾರೆ.